ನಾಲ್ಕು ಅಂಗೈ ಮೇಲೆ ಓಡುವ ಕಾರು

ಈ ಸಲದ ಸಂಚಿಕೆಗೆ "ಟೆಕ್ನಿಕಲ್ ಆಗಿ ಏನಾದ್ರೂ ಬರಿ, ಆದ್ರೆ ಪೂರ್ತಿ ಕನ್ನಡದಲ್ಲೇ ಇರ್ಬೇಕು" ಅಂತ ನಮ್ಮ ಸಂಘದ ಸೀನಿಯರ್ ಹೇಳಿದಾಗ ನನಗೆ ಮೊದಲು ಹೊಳೆದದ್ದು ಟೈರು. ಎಐ, ರೋಬೋಟ್, ಚಂದ್ರಯಾನದ ಬಗ್ಗೆ ಬರೆಯೋಕೆ ಬೇರೆಯವರು ಇದ್ದಾರೆ. ಕಪ್ಪಗೆ ದುಂಡಗೆ ಇರೋ, ದಿನಾ ಕಣ್ಣಿಗೆ ಬಿದ್ರೂ ಯಾರೂ ನೋಡದ ಈ ವಸ್ತುವಿನ ಬಗ್ಗೆ ಬರೆಯೋರು ಕಡಿಮೆ. ಅದರಲ್ಲೂ ನಾನು ಬರೆಯೋದು ಐಷಾರಾಮಿ ಕಾರಿನ ಪರ್ಫಾರ್ಮೆನ್ಸ್ ಟೈರಿನ ಬಗ್ಗೆ. ಹಾಗಂದ ಕೂಡಲೇ "ಓಹೋ, ಇವನ ಮನೇಲಿ ಬಿಎಂಡಬ್ಲ್ಯು ಇದೆ" ಅಂದ್ಕೋಬೇಡಿ. ನಮ್ಮ ಮನೇಲಿರೋದು ಒಂದು ಹಳೇ ಸ್ಪ್ಲೆಂಡರ್. ಬಿಎಂಡಬ್ಲ್ಯು ಇರೋದು ಅಪ್ಪ ಕೆಲಸ ಮಾಡೋ ಮನೇಲಿ. ಅಪ್ಪ ಅದರ ಡ್ರೈವರ್.

ಅಪ್ಪನ ಯಜಮಾನ್ರಿಗೆ ಹಾಸನದಲ್ಲಿ ಮನೆ, ಸಕಲೇಶಪುರದ ಆಚೆ ಕಾಫಿ ತೋಟ. ಕಾರು 2014ರ ಮಾಡೆಲ್ಲಿನ 520ಡಿ, ಅವರು ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಡೀಸೆಲ್ ಇಂಜಿನ್, ಹಿಂದಿನ ಚಕ್ರಕ್ಕೆ ಪವರ್. ವಾರಕ್ಕೊಂದು ಸಲ ಬೆಂಗಳೂರು, ತಿಂಗಳಿಗೆ ಎರಡು ಸಲ ಶಿರಾಡಿ ಘಾಟಿ ಇಳಿದು ಮಂಗಳೂರು. ಎಲ್ಲಾ ರಾಷ್ಟ್ರೀಯ ಹೆದ್ದಾರಿ 75ರ ಮೇಲೇ. ಆ ರಸ್ತೆ ಗೊತ್ತಿರೋರಿಗೆ ನಾನು ಜಾಸ್ತಿ ಹೇಳಬೇಕಾಗಿಲ್ಲ. ಗೊತ್ತಿಲ್ಲದವರಿಗೆ ಇಷ್ಟು ಸಾಕು: ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಹೊಳೆ, ಮಧ್ಯದಲ್ಲಿ ಮಂಗಳೂರು ಬಂದರಿನಿಂದ ಬರೋ ಟ್ಯಾಂಕರುಗಳ ಸಾಲು, ಮಳೆಗಾಲದಲ್ಲಿ ಮೇಲಿಂದ ಮಣ್ಣು. 2024ರ ಜುಲೈನಲ್ಲಿ ಗುಡ್ಡ ಕುಸಿದು ಆ ರಸ್ತೆ ಬಂದ್ ಆಗಿದ್ದು ನಿಮಗೂ ನೆನಪಿರಬಹುದು.

ಅದೇ ಮಳೆಗಾಲದಲ್ಲಿ, ರಸ್ತೆ ತೆರೆದಿದ್ದ ಒಂದು ಸಂಜೆ, ಅಪ್ಪ ಒಬ್ಬರೇ ಕಾರು ತಗೊಂಡು ವಾಪಸ್ ಬರ್ತಾ ಇದ್ರು. ಒಂದು ತಿರುವಲ್ಲಿ ಹಿಂದಿನ ಚಕ್ರ ಜಾರಿ ಕಾರು ಅಡ್ಡ ತಿರುಗಿ, ತಡೆಗೋಡೆಯಿಂದ ಎರಡಡಿ ದೂರದಲ್ಲಿ ನಿಂತಿದೆ. ಎದುರಿಗೆ ಆ ಕ್ಷಣಕ್ಕೆ ಯಾವ ಗಾಡಿಯೂ ಇರಲಿಲ್ಲ. ಇದನ್ನ ಅಪ್ಪ ಮನೇಲಿ ಯಾರಿಗೂ ಹೇಳಲಿಲ್ಲ. ಯುಗಾದಿಗೆ ನಾನು ಹಾಸ್ಟೆಲ್ಲಿಂದ ಊರಿಗೆ ಹೋದಾಗ, ಅಮ್ಮ ಅಡುಗೆ ಮನೇಲಿದ್ದಾಗ, ಮೆತ್ತಗೆ ಹೇಳಿದ್ರು: "ಮಗಾ, ಆ ಕಾರಿನ ಹಿಂದಿನ ಟೈರ್ ನೈಸ್ ಆಗಿದಾವೆ ಕಣೋ. ಈ ಮಳೇಗಾಲ ಅದ್ರಲ್ಲಿ ಓಡ್ಸಕ್ಕೆ ನಂಗೆ ಧೈರ್ಯ ಇಲ್ಲ."

ಹಾಗಾದ್ರೆ ಯಜಮಾನ್ರಿಗೆ ಹೇಳೋದು ತಾನೇ ಅಂತ ನಿಮಗನ್ನಿಸುತ್ತೆ. ಇಲ್ಲೇ ವಿಷಯ ಇರೋದು. ಡ್ರೈವರ್ ಕೆಲಸದಲ್ಲಿರೋರ ಮನೆ ಮಕ್ಕಳಿಗೆ ಇದು ಗೊತ್ತು: ಡ್ರೈವರ್ ಆದವನು "ಟೈರ್ ಬದಲಾಯಿಸ್ಬೇಕು" ಅಂದ್ರೆ ಯಜಮಾನರ ಕಿವಿಗೆ ಅದು "ನನಗೆ ಕಮಿಷನ್ ಬೇಕು" ಅಂತ ಕೇಳಿಸಬಹುದು. ಅಂಗಡಿಯವರು ಡ್ರೈವರ್ ಕೈಗೆ ಒಂದಿಷ್ಟು ಕೊಡೋದು ಹಳೇ ಪದ್ಧತಿ. ತಗೊಳ್ಳೋರು ಇದ್ದಾರೆ, ತಗೊಳ್ಳದವರೂ ಇದ್ದಾರೆ. ಆದ್ರೆ ಅನುಮಾನ ಎಲ್ಲರ ಮೇಲೂ ಒಂದೇ ಥರ. ಅದರಲ್ಲೂ ಈ ಕಾರಿನ ನಾಲ್ಕು ಟೈರಿನ ಬೆಲೆ ಹತ್ತಿರ ಹತ್ತಿರ ನನ್ನ ಒಂದು ವರ್ಷದ ಕಾಲೇಜು ಫೀಸು. ಹದಿನಾಲ್ಕು ವರ್ಷ ಒಂದೇ ಮನೇಲಿ ಕೆಲಸ ಮಾಡಿದ ಮನುಷ್ಯ ಆ ಅನುಮಾನದ ನೋಟಕ್ಕೆ ಹೆದರೋದು ತಡೆಗೋಡೆಗೆ ಹೆದರಿದ್ದಕ್ಕಿಂತ ಕಡಿಮೆ ಏನಲ್ಲ.

ಯಜಮಾನ್ರಿಗೂ ಟೈರು ಸವೆದಿದೆ ಅಂತ ಗೊತ್ತಿತ್ತು. ಅವರ ತಲೇಲಿ ಎರಡು ದಾರಿ ಇದ್ದವು. ಒಂದು, ಹಿಂದಿನ ಎರಡನ್ನ ಮಾತ್ರ, ಸಿಗೋದ್ರಲ್ಲಿ ಅಗ್ಗದ್ದು ಹಾಕಿಸೋದು. ಎರಡು, ಬೆಂಗಳೂರಿನ ಒಂದು ಅಂಗಡಿಯಲ್ಲಿ ಅವರ ಸ್ನೇಹಿತರು ನೋಡಿಟ್ಟಿದ್ದ, ಬಳಸಿದ ನಾಲ್ಕು ಟೈರಿನ ಸೆಟ್ಟು ತರಿಸೋದು. "ವಿದೇಶದ ಮಾಲು, ಬ್ರ್ಯಾಂಡೆಡ್ದು, ಎಂಬತ್ತು ಪರ್ಸೆಂಟ್ ಗ್ರಿಪ್ ಇದೆ" ಅಂತ ಆ ಅಂಗಡಿಯವರ ಮಾತು.

ಅಪ್ಪ ನನ್ನ ಕೇಳಿದ್ದು ಒಂದೇ: "ನೀನು ಇಂಜಿನಿಯರಿಂಗ್ ಓದ್ತಿದೀಯಲ್ಲ, ಯಾಕೆ ಏನು ಅಂತ ಒಂದು ಹಾಳೇಲಿ ಬರ್ಕೊಡು. ಕನ್ನಡದಲ್ಲಿ ಬರಿ. ನಾನು ಓದಿ ಅರ್ಥ ಮಾಡ್ಕೊಂಡು ಯಜಮಾನ್ರ ಮುಂದೆ ಇಡ್ತೀನಿ." ಅಪ್ಪ ಏಳನೇ ಕ್ಲಾಸ್‌ವರೆಗೆ ಓದಿದವರು, ಪೇಪರ್ ದಿನಾ ಓದ್ತಾರೆ. ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಪರೀಕ್ಷೆ ಬಿಟ್ಟು ಬೇರೆ ಕಾರಣಕ್ಕೆ ನಾನು ಕನ್ನಡದಲ್ಲಿ ಬರೆದ ಮೊದಲ ಪುಟ ಅದು. ಆ ಒಂದು ಪುಟಕ್ಕೆ ನಾಲ್ಕು ದಿನ ಹಿಡೀತು. ಆ ನಾಲ್ಕು ದಿನದಲ್ಲಿ ಕಲಿತದ್ದೇ ಈ ಲೇಖನ.

ಮೊದಲು ಲೆಕ್ಕ. ಕಾರು ಎಷ್ಟೇ ದೊಡ್ಡದಿರಲಿ, ನೆಲಕ್ಕೆ ತಾಗೋದು ಟೈರು ಮಾತ್ರ. ಎಷ್ಟು ತಾಗುತ್ತೆ? ಕಾರಿನ ತೂಕ ಸುಮಾರು 1700 ಕೆ.ಜಿ. ಜನ, ಲಗೇಜು ಸೇರಿ 2000 ಅಂತ ಇಟ್ಕೊಳ್ಳಿ. ಒಂದೊಂದು ಟೈರಿನ ಪಾಲಿಗೆ 500 ಕೆ.ಜಿ. ಒಳಗಿನ ಗಾಳಿ 36 ಪಿಎಸ್‌ಐ ಅಂದ್ರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು ಎರಡೂವರೆ ಕೆ.ಜಿ. ಒತ್ತಡ. 500ನ್ನ 2.5ರಿಂದ ಭಾಗಿಸಿ: 200 ಚದರ ಸೆಂಟಿಮೀಟರ್. ಪಕ್ಕೆಯ ಬಿಗಿತವೂ ಸ್ವಲ್ಪ ಭಾರ ಹೊರೋದ್ರಿಂದ ಇದು ಅಂದಾಜು, ಆದ್ರೆ ದೂರದ ಅಂದಾಜಲ್ಲ. ನಿಮ್ಮ ಕೈಯನ್ನ ಬೆರಳು ಸೇರಿಸಿ ಮೇಜಿನ ಮೇಲಿಡಿ. ಹತ್ತಿರ ಹತ್ತಿರ ಅಷ್ಟೇ ಜಾಗ. ನಾಲ್ಕೂ ಟೈರು ಸೇರಿದ್ರೆ ಒಂದೂಕಾಲು ಎ4 ಹಾಳೆ. ಎರಡು ಟನ್ ಕಾರು, ಅದರೊಳಗಿನ ಜನ, ಬ್ರೇಕು, ಸ್ಟೀರಿಂಗು, ಜಾಹೀರಾತಲ್ಲಿ ತೋರಿಸೋ ಎಲ್ಲಾ ಎಲೆಕ್ಟ್ರಾನಿಕ್ಸು ಕೊನೆಗೆ ಮಾತಾಡೋದು ಈ ನಾಲ್ಕು ಅಂಗೈ ಮೂಲಕ. ಇದನ್ನ ಹೇಳಿದಾಗ ಅಪ್ಪ ತಮ್ಮ ಅಂಗೈಯನ್ನೇ ಸ್ವಲ್ಪ ಹೊತ್ತು ನೋಡ್ಕೊಂಡ್ರು.

ಎರಡನೇದು, ಪಕ್ಕೆಯ ಮೇಲಿನ ಬರಹ. ಈ ಕಾರಿನ ಟೈರ್ ಮೇಲೆ 245/45 ಆರ್18 100ವೈ ಅಂತಿದೆ. ಟೈರಿನ ಅಗಲ 245 ಮಿ.ಮೀ. ಪಕ್ಕೆಯ ಎತ್ತರ ಅಗಲದ ಶೇ. 45, ಅಂದ್ರೆ ಸುಮಾರು 110 ಮಿ.ಮೀ. ಆರ್ ಅಂದ್ರೆ ರೇಡಿಯಲ್. ರಿಮ್ಮಿನ ವ್ಯಾಸ 18 ಇಂಚು. 100 ಅನ್ನೋದು ಭಾರದ ಸೂಚಿ: ಒಂದು ಟೈರು 800 ಕೆ.ಜಿ. ಹೊರಬಲ್ಲದು. ವೈ ಅಂದ್ರೆ ಗಂಟೆಗೆ 300 ಕಿ.ಮೀ. ವೇಗದವರೆಗೆ. ಅಪ್ಪ ಇದನ್ನ ಕೇಳಿ ನಕ್ಕುಬಿಟ್ರು. "ಶಿರಾಡೀಲಿ ಟ್ಯಾಂಕರ್ ಹಿಂದೆ ಮೂವತ್ತರಲ್ಲಿ ಹೋಗ್ತೀವಿ, ಮುನ್ನೂರಂತೆ!" ಅಂದ್ರು. ನಗು ಸರಿಯೇ. ಆದ್ರೆ ಈ ಅಕ್ಷರ ಬರೀ ವೇಗದ ಜಂಭ ಅಲ್ಲ, ಟೈರು ಎಷ್ಟು ಬಿಸಿ ತಡೆಯುತ್ತೆ ಅನ್ನೋದರ ಗುರುತೂ ಹೌದು. ಈ ಕಾರಿನ ಗರಿಷ್ಠ ವೇಗ 230ರ ಆಸುಪಾಸು. ಎಚ್ ಅಂದ್ರೆ 210, ವಿ ಅಂದ್ರೆ 240, ಡಬ್ಲ್ಯು ಅಂದ್ರೆ 270. ಹಾಗಾಗಿ ಎಚ್ ಬೇಡ. ಬಾಗಿಲ ಹತ್ತಿರದ ಸ್ಟಿಕರಿನಲ್ಲಿ ಕಂಪನಿಯವರು ಏನು ಹೇಳಿದ್ದಾರೋ ಅದಕ್ಕಿಂತ ಭಾರದ ಸೂಚಿಯಂತೂ ಕೆಳಗೆ ಇಳೀಲೇಬಾರದು. ಅಗ್ಗದ ಟೈರಿನಲ್ಲಿ ಮೊದಲು ನೋಡಬೇಕಾದ್ದು ಇದನ್ನೇ.

ಮೂರನೇದು, ವಯಸ್ಸು. ಪಕ್ಕೆಯ ಮೇಲೆ ಡಿಒಟಿ ಅಂತ ಶುರುವಾಗೋ ಒಂದು ಸಾಲಿರುತ್ತೆ. ಅದರ ಕೊನೆಯ ನಾಲ್ಕು ಅಂಕಿ ಹುಟ್ಟಿದ ದಿನಾಂಕ: ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಕಾರಿನಲ್ಲಿದ್ದ ಟೈರಿನ ಮೇಲೆ 2217. ಅಂದ್ರೆ 2017ರ 22ನೇ ವಾರ, ಎಂಟು ವರ್ಷಕ್ಕೆ ಹತ್ತಿರ. ರಬ್ಬರು ಓಡಿದ್ರೂ ಹಳೇದಾಗುತ್ತೆ, ನಿಂತಿದ್ರೂ ಹಳೇದಾಗುತ್ತೆ. ಬಿಸಿಲು, ಗಾಳಿಯ ಆಮ್ಲಜನಕ, ಓಝೋನ್ ಸೇರಿ ಅದನ್ನ ಗಟ್ಟಿ ಮಾಡ್ತವೆ, ಸಣ್ಣ ಬಿರುಕು ಬರುತ್ತೆ. ಬಿಎಂಡಬ್ಲ್ಯು ಕಾರಿನ ಕೈಪಿಡಿಯಲ್ಲೇ ಗ್ರಿಪ್ ಎಷ್ಟೇ ಉಳಿದಿರಲಿ ಆರು ವರ್ಷಕ್ಕೆ ಟೈರು ಬದಲಿಸಿ ಅಂತಿದೆ. ಬೆಂಗಳೂರಿನ ಆ ಸೆಟ್ಟಿನ ಫೋಟೋ ತರಿಸಿಕೊಂಡು ದೊಡ್ಡದು ಮಾಡಿ ನೋಡಿದೆ. ಎರಡರ ಮೇಲೆ 1118, ಇನ್ನೆರಡರ ಮೇಲೆ 4019. "ಎಂಬತ್ತು ಪರ್ಸೆಂಟ್ ಗ್ರಿಪ್" ಇರಬಹುದು, ಆದ್ರೆ ಎರಡಕ್ಕೆ ಏಳು ವರ್ಷ, ಇನ್ನೆರಡಕ್ಕೆ ಐದೂವರೆ. ಒಳಗೆ ಯಾವ ಗುಂಡಿಗೆ ಬಿದ್ದು ದಾರ ಕಿತ್ತಿದೆಯೋ ಯಾರು ಬಲ್ಲರು. ಅಪ್ಪನ ಲಾರಿ ಭಾಷೆಯಲ್ಲಿ ಹೇಳೋದಾದ್ರೆ "ಹೊಟ್ಟೆ ಬರೋವರ್ಗೂ ಗೊತ್ತಾಗಲ್ಲ."

ಇಲ್ಲಿ ಒಂದು ಉಪಕಥೆ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದನ್ನ ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಲೈಸೆನ್ಸ್ ಇಲ್ಲದೆ ತರೋ ಹಾಗಿಲ್ಲ. ನಮ್ಮ ಆಲ್ಟೋ, ಸ್ವಿಫ್ಟಿಗೆ ಇದರಿಂದ ಏನೂ ಆಗಲಿಲ್ಲ, ಅವುಗಳ ಟೈರು ಇಲ್ಲೇ ತಯಾರಾಗ್ತವೆ. ಪೆಟ್ಟು ಬಿದ್ದಿದ್ದು 18, 19 ಇಂಚಿನ, ಅದರಲ್ಲೂ ರನ್‌ಫ್ಲಾಟ್ ಟೈರಿಗೆ. ಬೇಕಾದ ಅಳತೆ ಬೇಕಾದಾಗ ಸಿಗದೆ ಹೋದಾಗ ಬಳಸಿದ ಮಾಲಿಗೆ ಬೆಲೆ ಬರುತ್ತೆ.

ನಾಲ್ಕನೇದು, ಗ್ರಿಪ್ಪಿನ ಆಳ. ಹೊಸ ಕಾರ್ ಟೈರಿನ ಗಾಡಿ ಅಂದ್ರೆ ಆ ಕಾಲುವೆಗಳ ಆಳ 7ರಿಂದ 8 ಮಿ.ಮೀ. ಕಾನೂನಿನ ಪ್ರಕಾರ 1.6 ಮಿ.ಮೀ.ಗಿಂತ ಕಡಿಮೆ ಇರಬಾರದು. ಕಾಲುವೆಯೊಳಗೆ ಅಲ್ಲಲ್ಲಿ ಸಣ್ಣ ದಿಣ್ಣೆ ಇರುತ್ತೆ, ರಬ್ಬರು ಸವೆದು ಆ ದಿಣ್ಣೆಗೆ ಸಮ ಆದ್ರೆ ಟೈರಿನ ಆಯಸ್ಸು ಮುಗಿದ ಹಾಗೆ. ನನ್ನ ವರ್ನಿಯರಿನ ಹಿಂದಿನ ಕಡ್ಡಿ ಇಳಿಸಿ ಅಳೆದೆ. ಮುಂದೆ 3 ಮಿ.ಮೀ., ಹಿಂದೆ 2. ಕಾನೂನಿಗೆ ಪಾಸು. ಮಳೆಗೆ ಫೇಲು.

ಯಾಕೆ ಅಂದ್ರೆ, ಟೈರಿನ ಕಾಲುವೆ ಇರೋದೇ ನೀರು ಹೊರಗೆ ಹಾಕೋಕೆ. ಒಣ ರಸ್ತೆಯಲ್ಲಿ ಬೋಳು ಟೈರೂ ಹಿಡಿಯುತ್ತೆ, ರೇಸ್ ಕಾರುಗಳು ಒಣ ಟ್ರ್ಯಾಕಿನಲ್ಲಿ ಬೋಳು ಟೈರಲ್ಲೇ ಓಡ್ತವೆ. ನೀರು ಬಂದಾಗ ಅದು ಹೋಗೋಕೆ ಜಾಗ ಇಲ್ಲದಿದ್ರೆ ಟೈರು ನೀರಿನ ಮೇಲೇ ಹತ್ತಿ ಕೂರುತ್ತೆ. 1960ರ ದಶಕದಲ್ಲಿ ವಿಮಾನಗಳು ಒದ್ದೆ ರನ್‌ವೇ ಮೇಲೆ ಜಾರೋದನ್ನ ನಾಸಾದವರು ಅಭ್ಯಾಸ ಮಾಡಿ ಒಂದು ಸರಳ ಸೂತ್ರ ಕೊಟ್ಟರು: ತೇಲೋ ವೇಗ, ಗಂಟೆಗೆ ಮೈಲಿಯಲ್ಲಿ, ಗಾಳಿಯ ಪಿಎಸ್‌ಐನ ವರ್ಗಮೂಲಕ್ಕೆ 10.35 ಪಟ್ಟು. 36 ಪಿಎಸ್‌ಐ ಹಾಕಿದ್ರೆ 62 ಮೈಲಿ, ಅಂದ್ರೆ 100 ಕಿ.ಮೀ. ಗಾಳಿ 25ಕ್ಕೆ ಇಳಿದಿದ್ರೆ 83 ಕಿ.ಮೀ.ಗೇ ತೇಲುತ್ತೆ. ಈ ಸೂತ್ರ ವಿಮಾನದ ಟೈರಿನದ್ದು, ಕಾಲುವೆಯ ಆಳಕ್ಕಿಂತ ನೀರು ಜಾಸ್ತಿ ಇರೋ ಸ್ಥಿತಿಗೆ ಅನ್ವಯಿಸೋದು. 8 ಮಿ.ಮೀ. ಕಾಲುವೆ ತುಂಬೋಕೆ ಜೋರು ಮಳೆ ಬೇಕು. 2 ಮಿ.ಮೀ. ಕಾಲುವೆ ತುಂಬೋಕೆ ಸಕಲೇಶಪುರದ ಸಾಮಾನ್ಯ ಮಳೆ ಸಾಕು.

ಈಗ ಮುಖ್ಯ ಪ್ರಶ್ನೆ: ಎಂಥಾ ಟೈರು? ಪರ್ಫಾರ್ಮೆನ್ಸ್ ಟೈರು ಅಂದ್ರೆ ಒಂದೇ ಜಾತಿ ಅಲ್ಲ. ಒಂದೇ ಕಂಪನಿಯಲ್ಲಿ ಎರಡು ಸಾಲು ಇರುತ್ತೆ. ಮಿಶೆಲಿನ್‌ನಲ್ಲಿ ಪೈಲಟ್ ಸ್ಪೋರ್ಟ್ ಒಂದು, ಪ್ರೈಮಸಿ ಇನ್ನೊಂದು. ಪಿರೆಲ್ಲಿಯಲ್ಲಿ ಪಿ ಝೀರೋ ಒಂದು, ಚಿಂತುರಾಟೋ ಇನ್ನೊಂದು. ಮೊದಲನೇ ಸಾಲು ತಿರುವಿನ ಹಿಡಿತಕ್ಕೆ, ಸ್ಟೀರಿಂಗಿನ ಚುರುಕಿಗೆ. ರಬ್ಬರು ಮೆತ್ತಗೆ, ಬೇಗ ಸವೆಯುತ್ತೆ. ಎರಡನೇ ಸಾಲು ದೂರ ಪ್ರಯಾಣಕ್ಕೆ: ಸದ್ದು ಕಡಿಮೆ, ಆಯಸ್ಸು ಜಾಸ್ತಿ, ಒದ್ದೆ ರಸ್ತೆಯ ಬ್ರೇಕಿಂಗಿಗೂ ಅಷ್ಟೇ ಗಮನ. ಪಕ್ಕೆಯ ಮೇಲೆ ಟ್ರೆಡ್‌ವೇರ್ ಅಂತ ಒಂದು ಸಂಖ್ಯೆ ಇರುತ್ತೆ. 100 ಅನ್ನೋದು ಒಂದು ಮಾದರಿ ಟೈರಿಗೆ ಕೊಟ್ಟ ಅಂಕ. 300 ಅಂದ್ರೆ ಆ ಪರೀಕ್ಷೆಯಲ್ಲಿ ಅದರ ಮೂರು ಪಟ್ಟು ಬಾಳಿಕೆ. ಪಕ್ಕದಲ್ಲೇ ಟ್ರಾಕ್ಷನ್ ಅಂತ ಎಎ, ಎ, ಬಿ, ಸಿ ದರ್ಜೆ. ಇದು ಒದ್ದೆ ರಸ್ತೆಯಲ್ಲಿ ನೇರವಾಗಿ ಹೋಗ್ತಾ ಹಾಕೋ ಬ್ರೇಕಿನ ದರ್ಜೆ, ತಿರುವಿನ ಹಿಡಿತದ್ದಲ್ಲ. ನಮ್ಮ ದಾರಿಗೆ ಎಎ ಅಥವಾ ಎ ಬೇಕೇ ಬೇಕು ಅಂತ ಬರೆದೆ.

ಯಾಕೆ ಅಂತ ತೋರಿಸೋಕೆ ಫಸ್ಟ್ ಇಯರ್ ಫಿಸಿಕ್ಸ್ ಸಾಕಾಯ್ತು. ನಿಲ್ಲೋ ದೂರ ಅಂದ್ರೆ ವೇಗದ ವರ್ಗವನ್ನ ಎರಡು ಪಟ್ಟು ಘರ್ಷಣಾಂಕ, ಗುರುತ್ವದಿಂದ ಭಾಗಿಸೋದು. ಗಂಟೆಗೆ 80 ಕಿ.ಮೀ., ಅಂದ್ರೆ ಸೆಕೆಂಡಿಗೆ 22.2 ಮೀಟರ್. ಒದ್ದೆ ರಸ್ತೆಯಲ್ಲಿ ಘರ್ಷಣಾಂಕ 0.7 ಅಂತ ಹಿಡಿದ್ರೆ 36 ಮೀಟರ್. 0.5 ಅಂತ ಹಿಡಿದ್ರೆ 50 ಮೀಟರ್. ವ್ಯತ್ಯಾಸ 14 ಮೀಟರ್. ಇದು ಈ ಕಾರಿನ ಮೂರು ಉದ್ದ. ಮುಂದೆ ಹೋಗ್ತಿರೋ ಟ್ಯಾಂಕರಿಗೆ ಮುಂಚೆ ನಿಲ್ಲೋದಕ್ಕೂ ಅದರ ಕೆಳಗೆ ಹೋಗೋದಕ್ಕೂ ಇರೋ ವ್ಯತ್ಯಾಸ. ಪರ್ಫಾರ್ಮೆನ್ಸ್ ಅನ್ನೋ ಪದಕ್ಕೆ ಆ ಹಾಳೇಲಿ ನಾನು ಕೊಟ್ಟ ಅರ್ಥ ಇದೇ: ನಿಲ್ಲೋ ಶಕ್ತಿ. ಓಡೋ ಶಕ್ತಿ ಇಂಜಿನ್ನಿನದ್ದು.

ಐದನೇದು, ರನ್‌ಫ್ಲಾಟ್ ಬೇಕಾ ಬೇಡವಾ. ಇದಕ್ಕೆ ನಾನು, ಅಪ್ಪ ಕೂತು ಜಗಳದ ಹತ್ತಿರಕ್ಕೆ ಹೋದ್ವಿ. ರನ್‌ಫ್ಲಾಟ್ ಅಂದ್ರೆ ಪಕ್ಕೆ ಗಟ್ಟಿ ಇರೋ ಟೈರು. ಗಾಳಿ ಪೂರ್ತಿ ಹೋದ್ರೂ ಸುಮಾರು 80 ಕಿ.ಮೀ. ದೂರ, 80ಕ್ಕಿಂತ ಜಾಸ್ತಿ ವೇಗ ಇಲ್ಲದೆ ಓಡಿಸಬಹುದು. ಅದಕ್ಕೇ ಈ ಕಾರಿನ ಡಿಕ್ಕೀಲಿ ಸ್ಟೆಪ್ನಿ ಇಲ್ಲ. ನನ್ನ ವಾದ: ರಾತ್ರಿ ಹೊತ್ತು, ಘಾಟಿ ಮಧ್ಯ, ಮಳೆ, ನೆಟ್‌ವರ್ಕ್ ಇಲ್ಲ. ಅಲ್ಲಿ ಇಳಿದು ಜಾಕ್ ಹಾಕೋ ಪರಿಸ್ಥಿತಿ ಬಾರದೇ ಇರೋದೇ ಒಳ್ಳೇದು. ಅಪ್ಪನ ವಾದ: ಪಕ್ಕೆ ಗಟ್ಟಿ ಇದ್ರೆ ಗುಂಡಿಯ ಏಟು ಟೈರು ನುಂಗಲ್ಲ, ರಿಮ್ಮಿಗೆ, ಸಸ್ಪೆನ್ಷನ್ನಿಗೆ, ಯಜಮಾನ್ರ ಸೊಂಟಕ್ಕೆ ಹೋಗುತ್ತೆ. ಗಾಳಿ ಇಲ್ಲದೆ ಓಡಿಸಿದ ರನ್‌ಫ್ಲಾಟನ್ನ ಪಂಚರ್ ಅಂಗಡಿಯವರು ಮುಟ್ಟೋಕೆ ಹಿಂದೆಮುಂದೆ ನೋಡ್ತಾರೆ. ಹಾಸನದಲ್ಲಿ ಆ ಅಳತೆ ಸಿಗಲ್ಲ, ಒಂದು ಹೋದ್ರೆ ತರಿಸೋವರೆಗೆ ಕಾರು ನಿಂತೇ ಇರ್ಬೇಕು. "ಸ್ಟೆಪ್ನಿ ಬದಲಾಯ್ಸೋದು ನಂಗೆ ಹತ್ತು ನಿಮಿಷದ ಕೆಲ್ಸ. ಲಾರೀಲಿ ಎಷ್ಟು ಬಿಚ್ಚಿದೀನಿ" ಅಂದ್ರು. ಮೈಸೂರಿನ ವಿಕ್ರಾಂತ್ ಟೈರು ಹಾಕಿದ ಲಾರಿಯಲ್ಲಿ ಕ್ಲೀನರ್ ಆಗಿ ಕೆಲಸ ಶುರು ಮಾಡಿದ ಮನುಷ್ಯನ ಹತ್ತಿರ ಟೈರು ಬಿಚ್ಚೋ ಬಗ್ಗೆ ನಾನೇನು ವಾದ ಮಾಡಲಿ? ಕೊನೆಗೆ ಹಾಳೇಲಿ ಎರಡೂ ಕಡೆಯ ಮಾತು ಬರೆದೆ. ಕೆಳಗೆ ಒಂದು ಸಾಲು ಸೇರಿಸಿದೆ: ಮಾಮೂಲಿ ಟೈರು ಹಾಕಿಸಿದ್ರೆ ನಾಲ್ಕೂ ಮಾಮೂಲಿಯೇ ಇರ್ಬೇಕು, ರನ್‌ಫ್ಲಾಟ್ ಜೊತೆ ಬೆರೆಸಬಾರದು. ಉಳಿದ ದುಡ್ಡಲ್ಲಿ ಒಂದು ಸಣ್ಣ ಸ್ಟೆಪ್ನಿ, ಜಾಕು ಡಿಕ್ಕೀಲಿ ಇರ್ಲೇಬೇಕು, ಆ ಸ್ಟೆಪ್ನಿ ಮೇಲೆ 80 ದಾಟಬಾರದು.

ಆರನೇದು, ಎರಡಾ ನಾಲ್ಕಾ. ಎರಡೇ ಹಾಕಿಸೋದಾದ್ರೆ ಹೊಸವು ಎಲ್ಲಿ? ಸ್ಟೀರಿಂಗ್ ಇರೋದು ಮುಂದೆ, ಬ್ರೇಕಿನ ಭಾರ ಬೀಳೋದು ಮುಂದೆ, ಹಾಗಾಗಿ ಮುಂದೆ ಅಂತ ಬಹಳ ಜನ ಹೇಳ್ತಾರೆ. ಟೈರ್ ಕಂಪನಿಗಳು ಹಿಂದೆ ಹಾಕಿ ಅಂತಾರೆ. ಮುಂದಿನದು ಜಾರಿದ್ರೆ ಕಾರು ನೇರ ಹೋಗುತ್ತೆ, ವೇಗ ಇಳಿಸಿದ್ರೆ ಮತ್ತೆ ಹಿಡಿತ ಸಿಗುತ್ತೆ. ಹಿಂದಿನದು ಜಾರಿದ್ರೆ ಕಾರು ಬುಗುರಿ ಥರ ತಿರುಗುತ್ತೆ, ಸರಿಪಡಿಸೋಕೆ ಸಮಯ ಸಿಗಲ್ಲ. ಇದನ್ನ ಓದಿ ಹೇಳಿದಾಗ ಅಪ್ಪ ಏನೂ ಮಾತಾಡಲಿಲ್ಲ. ಜುಲೈನ ಆ ತಿರುವು ಅವರಿಗೆ ನೆನಪಾಗಿರಬೇಕು. ಆದ್ರೆ ನಮ್ಮ ಮುಂದಿನ ಎರಡು ಟೈರಿಗೂ ಎಂಟು ವರ್ಷ ಆಗ್ತಾ ಬಂದಿತ್ತು. ಹಾಗಾಗಿ ನಾಲ್ಕೂ, ಒಂದೇ ಜಾತಿ ಅಂತ ಬರೆದೆ.

ಹಾಳೆ ತುಂಬಿತು. ಬರೆಯೋದ್ರಲ್ಲಿ ನನಗೆ ಕಷ್ಟ ಆಗಿದ್ದು ಪದ. ಸೈಡ್‌ವಾಲಿಗೆ ಏನನ್ನಲಿ ಅಂತ ನಾನು ನಿಘಂಟು ಹುಡುಕ್ತಾ ಇದ್ರೆ ಅಪ್ಪ "ಪಕ್ಕೆ ಅನ್ನು, ಎಲ್ರಿಗೂ ಗೊತ್ತಾಗುತ್ತೆ" ಅಂದ್ರು. ಹೈಡ್ರೋಪ್ಲೇನಿಂಗಿಗೆ "ತೇಲೋದು". ಬಲ್ಜಿಗೆ "ಹೊಟ್ಟೆ". ಗ್ರಿಪ್ಪಿಗೆ ಗ್ರಿಪ್ಪೇ. ಅರ್ಧ ಪದ ಅಪ್ಪ ಕೊಟ್ಟಿದ್ದು, ಲೆಕ್ಕ ನಾನು ಹಾಕಿದ್ದು. ನಾನು ಇಷ್ಟು ವರ್ಷ ಇಂಗ್ಲಿಷಲ್ಲಿ ಕಲಿತಿದ್ದು ಅಪ್ಪನ ಕೆಲಸಕ್ಕೆ ಬಂದಿದ್ದು ಆ ಪದಗಳ ಮೂಲಕ.

ಅಪ್ಪ ಹಾಳೆಯನ್ನ ಎರಡು ಸಲ ಓದಿ, ಮಡಚಿ ಜೇಬಲ್ಲಿಟ್ಕೊಂಡು ಹೋದ್ರು. ಮುಂದಿನದ್ದು ಅವರು ಹೇಳಿದ್ದು. ಯಜಮಾನ್ರು ಕನ್ನಡಕ ಹಾಕ್ಕೊಂಡು ನಿಧಾನಕ್ಕೆ ಪೂರ್ತಿ ಓದಿದ್ರಂತೆ. ಆಮೇಲೆ ಕೇಳಿದ ಮೊದಲನೇ ಪ್ರಶ್ನೆ: "ಇದ್ರಲ್ಲಿ ಯಾವ ಕಂಪನಿ ಅಂತ ಬರ್ದೇ ಇಲ್ವಲ್ಲ?"

ಅದನ್ನ ನಾವು ಬೇಕಂತಲೇ ಬಿಟ್ಟಿದ್ವಿ. ಕಂಪನಿ ಹೆಸರು ಬಂದ ಕೂಡಲೇ ಅಂಗಡಿ ಹೆಸರು ಬರುತ್ತೆ, ಅಂಗಡಿ ಬಂದ ಕೂಡಲೇ ಕಮಿಷನ್ನಿನ ಅನುಮಾನ ಬರುತ್ತೆ. ಅಳತೆ, ಭಾರ, ವೇಗ, ಒದ್ದೆ ರಸ್ತೆಯ ದರ್ಜೆ, ಆರು ತಿಂಗಳಿಗಿಂತ ಹಳೇದಲ್ಲದ ತಾರೀಖು, ಇಷ್ಟೇ ಇತ್ತು. ಅಪ್ಪ ಹೇಳಿದ್ರಂತೆ: "ಹೆಂಗಿರ್ಬೇಕು ಅಂತ ನಾವು ಬರ್ದಿದೀವಿ ಯಜಮಾನ್ರೇ. ಯಾವ್ದು, ಎಲ್ಲಿ ಅಂತ ನೀವೇ ನೋಡಿ." ಇದಕ್ಕೆ ನಮ್ಮ ಸಿಲಬಸ್ಸಿನಲ್ಲಿ ಸ್ಪೆಸಿಫಿಕೇಶನ್ ಅಂತಾರೆ. ಅದನ್ನ ಇಂಜಿನಿಯರಿಂಗ್ ಡ್ರಾಯಿಂಗ್ ಕ್ಲಾಸಿನಲ್ಲಿ ನಿದ್ದೆ ಬರಿಸೋ ಪದ ಅಂದ್ಕೊಂಡಿರೋರಿಗೆ ಹೇಳ್ತೀನಿ, ಒಬ್ಬ ಮನುಷ್ಯನ ಮರ್ಯಾದೆ ಉಳಿಸೋಕೂ ಅದು ಬರುತ್ತೆ.

ಯಜಮಾನ್ರು ಮೂರು ಕಡೆ ಫೋನ್ ಮಾಡಿ ಬೆಲೆ ಕೇಳಿದ್ರು. ಬೆಂಗಳೂರಿನ ಬಳಸಿದ ಸೆಟ್ಟು ಬೇಡ ಅಂದ್ರು. ರನ್‌ಫ್ಲಾಟ್ ಅಲ್ಲದ, ದೂರ ಪ್ರಯಾಣದ ಸಾಲಿನ ನಾಲ್ಕು ಹೊಸ ಟೈರು, ಒಂದು ಸಣ್ಣ ಸ್ಟೆಪ್ನಿ ತರಿಸಿದ್ರು. ಹಾಕಿಸೋ ದಿನ ಅಪ್ಪ ನನಗೆ ವಾಟ್ಸಾಪಲ್ಲಿ ನಾಲ್ಕು ಫೋಟೋ ಕಳಿಸಿದ್ರು. ನಾಲ್ಕೂ ತಾರೀಖಿನದ್ದು. ಅಂಗಡಿಯವರು ಮಾಮೂಲಿನಂತೆ ಪಕ್ಕಕ್ಕೆ ಕರೆದು ಏನೋ ಕೊಡೋಕೆ ಬಂದ್ರಂತೆ. "ಅದನ್ನ ಬಿಲ್ಲಲ್ಲೇ ಕಮ್ಮಿ ಮಾಡಿ" ಅಂತ ಯಜಮಾನ್ರಿಗೆ ಕೇಳೋ ಹಾಗೆ ಹೇಳಿದ್ರಂತೆ. ಬಿಲ್ಲಲ್ಲಿ ವೀಲ್ ಅಲೈನ್‌ಮೆಂಟ್ ಫ್ರೀ ಆಯ್ತು.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಫೋನ್ ಮಾಡಿ ಕೇಳಿದೆ, "ಹೇಗಿದೆ ಅಪ್ಪಾ?" "ಕಾರು ಕೇಳಿದ ಮಾತು ಕೇಳುತ್ತೆ" ಅಂದ್ರು. ಅಷ್ಟೇ. ಘಾಟಿ ಇಳಿದ ಮೇಲೆ ನೆಲ್ಯಾಡಿ ಹತ್ತಿರ ರಬ್ಬರ್ ತೋಟ ಬರುತ್ತೆ, ಮರಕ್ಕೆ ಕಟ್ಟಿದ ಬಟ್ಟಲಿಗೆ ಹಾಲು ತೊಟ್ಟಿಕ್ಕೋದು ಕಾಣುತ್ತೆ. ಅಪ್ಪ ಆ ದಾರೀಲಿ ಎಷ್ಟೋ ವರ್ಷದಿಂದ ಓಡಾಡ್ತಿದ್ದಾರೆ. "ಈ ಸಲ ಗಾಡಿ ನಿಲ್ಸಿ ನೋಡ್ದೆ ಕಣೋ, ಇಷ್ಟು ತೆಳ್ಳಗಿರೋದು ಅಷ್ಟು ಭಾರ ಹೊರುತ್ತಲ್ಲ" ಅಂದ್ರು. ಗಂಧಕ ಸೇರಿಸಿ ಬೇಯಿಸಿದ್ರೆ ರಬ್ಬರು ಗಟ್ಟಿಯಾಗುತ್ತೆ ಅಂತ 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡಿದ್ದನ್ನ ಫೋನಲ್ಲೇ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡ್ರು.

ಓದಿದ ನಿಮಗೆ ಒಂದೇ ವಿನಂತಿ. ನಮ್ಮಲ್ಲಿ ಬಿಎಂಡಬ್ಲ್ಯು ಯಾರ ಹತ್ತಿರವೂ ಇಲ್ಲದಿರಬಹುದು, ಆದ್ರೆ ಹಾಸ್ಟೆಲ್ ಪಾರ್ಕಿಂಗಿನಲ್ಲಿ ನೂರಾರು ಬೈಕುಗಳಿವೆ. ಇವತ್ತು ಸಂಜೆ ಮೊಬೈಲ್ ಟಾರ್ಚ್ ಹಾಕಿ ನಿಮ್ಮ ಟೈರಿನ ಪಕ್ಕೆ ನೋಡಿ. ಆ ನಾಲ್ಕು ಅಂಕಿ ಓದಿ. ಕಾಲುವೆಯೊಳಗಿನ ದಿಣ್ಣೆ ಮುಟ್ಟಿ ನೋಡಿ. ಗಾಳಿ ಎಷ್ಟಿದೆ ಅಂತ ಬಂಕಲ್ಲಿ ಕೇಳಿ. ಕಾರಿಗೆ ನಾಲ್ಕು ಅಂಗೈಯಾದ್ರೂ ಇದೆ. ಬೈಕಿಗೆ ಎರಡೇ, ಅದೂ ಮಗುವಿನ ಅಂಗೈಯಷ್ಟು.